ಸ್ಕ್ಯಾನ್ ಮಾಡಿದ್ದೀರಿ, ಅಕ್ಷರವನ್ನೂ ಕೊಡಿ

ಕನ್ನಡದ ಪುಸ್ತಕ, ಕಡತ, ಸುತ್ತೋಲೆಗಳನ್ನು ಸ್ಕ್ಯಾನ್ ಮಾಡಿಸಿ ಜಾಲತಾಣಕ್ಕೆ ಏರಿಸುತ್ತಿರುವ ಇಲಾಖೆಗಳ, ವಿಶ್ವವಿದ್ಯಾಲಯಗಳ, ಗ್ರಂಥಾಲಯಗಳ ಮುಖ್ಯಸ್ಥರಿಗೆ,

ವಿಷಯ: ಸ್ಕ್ಯಾನ್ ಪ್ರತಿಯ ಜೊತೆಗೆ ಹುಡುಕಲು, ತಿದ್ದಲು, ಓದಿಸಿ ಕೇಳಲು ಬರುವ ಪಠ್ಯವನ್ನೂ ಒದಗಿಸುವ ಕುರಿತು.

ಮಾನ್ಯರೇ,

ನಾನು ಗದಗದಲ್ಲಿ 26 ವರ್ಷಗಳಿಂದ ಡಿಟಿಪಿ ಅಂಗಡಿ ನಡೆಸುತ್ತಿದ್ದೇನೆ. ನಮ್ಮ ತಂದೆ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದವರು. ಅಂದರೆ ನಮ್ಮ ಮನೆಯಲ್ಲಿ ಎರಡು ತಲೆಮಾರು ಕನ್ನಡ ಅಕ್ಷರವನ್ನೇ ನಂಬಿ ಊಟ ಮಾಡಿದ್ದೇವೆ. ಆ ಅನುಭವದಿಂದಲೇ ಈ ಪತ್ರ ಬರೆಯುತ್ತಿದ್ದೇನೆ. ಯಾವುದೇ ಒಂದು ಕಚೇರಿಯನ್ನು ಹೆಸರಿಸಿ ದೂರುವುದು ನನ್ನ ಉದ್ದೇಶವಲ್ಲ. ನಾನು ಕಂಡ ತೊಂದರೆ ಒಂದೇ ಕಡೆಯದಾಗಿದ್ದರೆ ಅಲ್ಲಿಗೇ ಅರ್ಜಿ ಕೊಟ್ಟು ಸುಮ್ಮನಾಗುತ್ತಿದ್ದೆ.

ಕಳೆದ ಜೂನ್‌ನಲ್ಲಿ ಒಬ್ಬ ಹುಡುಗಿ ಪೆನ್‌ಡ್ರೈವ್ ಹಿಡಿದುಕೊಂಡು ಅಂಗಡಿಗೆ ಬಂದಳು. ಹುಟ್ಟಿನಿಂದ ಕಣ್ಣು ಕಾಣಿಸದು. ದೂರಶಿಕ್ಷಣದಲ್ಲಿ ಪದವಿ ಓದುತ್ತಿದ್ದಾಳೆ. ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶವನ್ನು ಫೋನಿನಲ್ಲೂ ಕಂಪ್ಯೂಟರಿನಲ್ಲೂ ನನಗಿಂತ ಚುರುಕಾಗಿ ಬಳಸುತ್ತಾಳೆ. ಪೆನ್‌ಡ್ರೈವಿನಲ್ಲಿ ಅವಳ ಪಾಠದ ಪಿಡಿಎಫ್ ಇತ್ತು, 164 ಪುಟ. ತೆರೆದರೆ ಅವಳ ತಂತ್ರಾಂಶ ಪ್ರತಿ ಪುಟಕ್ಕೂ ಹೇಳಿದ್ದು ಒಂದೇ ಮಾತು: ಖಾಲಿ ಪುಟ. "ಅಕ್ಕಾರ, ಇದ್ರಾಗ ಏನೂ ಇಲ್ಲಂತ ಹೇಳಾಕತ್ತೈತ್ರಿ. ಖರೇನ ಏನೂ ಇಲ್ಲೇನ್ರಿ?" ಅಂತ ಕೇಳಿದಳು.

ನಾನು ನೋಡಿದೆ. ಪುಟದ ತುಂಬ ಕನ್ನಡವಿತ್ತು. ಸ್ವಲ್ಪ ಎಡಕ್ಕೆ ವಾಲಿತ್ತು. ಹೊಲಿಗೆ ಬಿದ್ದ ಕಡೆ ಸಾಲಿನ ಕೊನೆಯ ಒಂದೆರಡು ಅಕ್ಷರ ಕಪ್ಪು ನೆರಳಿನಲ್ಲಿ ಮುಳುಗಿದ್ದವು. ಆದರೆ ಅದೆಲ್ಲ ಅಕ್ಷರದ ಚಿತ್ರ ಮಾತ್ರ. ಕಂಪ್ಯೂಟರಿನ ಪಾಲಿಗೆ ಆ ಪುಟಕ್ಕೂ ಗೋಡೆಯ ಫೋಟೋಕ್ಕೂ ವ್ಯತ್ಯಾಸವಿಲ್ಲ. ನನ್ನನ್ನು ಹೆಚ್ಚು ನೋಯಿಸಿದ್ದು ಇನ್ನೊಂದು ಸಂಗತಿ. ಅದು ಕೈಬರಹವೂ ಅಲ್ಲ, ಹಳೆಯ ಮೊಳೆಯ ಅಚ್ಚೂ ಅಲ್ಲ. ನಾನು ದಿನಾ ಬಳಸುವ ಫಾಂಟಿನಲ್ಲೇ ಯಾರೋ ಕಂಪ್ಯೂಟರಿನಲ್ಲಿ ಟೈಪ್ ಮಾಡಿದ ಪಾಠ ಅದು. ಟೈಪ್ ಮಾಡಿ, ಪ್ರಿಂಟ್ ತೆಗೆದು, ಹೊಲಿಸಿ, ಮತ್ತೆ ಅದನ್ನೇ ಸ್ಕ್ಯಾನ್ ಮಾಡಿದ್ದರು. ಅಕ್ಷರವಾಗಿಯೇ ಇದ್ದದ್ದನ್ನು ಚಿತ್ರವಾಗಿಸಿ ಆ ಹುಡುಗಿಯ ಕೈಗೆ ಕೊಟ್ಟಿದ್ದರು.

ಚಿತ್ರದಿಂದ ಅಕ್ಷರ ತೆಗೆಯುವ ಓಸಿಆರ್ ತಂತ್ರಾಂಶಗಳು ಈಗ ಇವೆ, ಅದನ್ನು ಬಳಸಿಕೊಳ್ಳಿ ಎಂದು ನೀವು ಹೇಳಬಹುದು. ನಾನು ಮಾಡಿದ್ದೂ ಅದನ್ನೇ. ಗೂಗಲ್ ಡ್ರೈವ್‌ಗೆ ಏರಿಸಿ ಡಾಕ್ಸ್‌ನಲ್ಲಿ ತೆರೆದೆ. ಟೆಸರಾಕ್ಟ್ ಎಂಬ ಮುಕ್ತ ತಂತ್ರಾಂಶದಲ್ಲೂ ಹಾಕಿ ನೋಡಿದೆ. ಎಚ್‌ಪಿ ಕಂಪನಿಯಲ್ಲಿ 1980ರ ದಶಕದಲ್ಲಿ ಹುಟ್ಟಿದ ಟೆಸರಾಕ್ಟ್ 2005ರಲ್ಲಿ ಎಲ್ಲರಿಗೂ ಮುಕ್ತವಾಯಿತು. 2018ರಲ್ಲಿ ಬಂದ ಅದರ ನಾಲ್ಕನೆಯ ಆವೃತ್ತಿ ನರಜಾಲದ (ಉದಾಹರಣೆಗಳಿಂದ ತಾನೇ ಕಲಿಯುವ) ತಂತ್ರ ಬಳಸಿ ಇಡೀ ಸಾಲನ್ನು ಒಟ್ಟಿಗೆ ಓದುತ್ತದೆ, ಕನ್ನಡವೂ ಅದಕ್ಕೆ ಬರುತ್ತದೆ. ನೇರವಾಗಿ, ಸ್ಪಷ್ಟವಾಗಿ ಸ್ಕ್ಯಾನ್ ಮಾಡಿದ ಪುಟ ಕೊಟ್ಟರೆ ಈ ಎರಡೂ ಮೆಚ್ಚುವಂಥ ಕೆಲಸ ಮಾಡುತ್ತವೆ. ಆದರೆ ನೀವು ಕೊಡುತ್ತಿರುವ ಪುಟಗಳು ಹಾಗಿಲ್ಲ.

ಕನ್ನಡ ಅಕ್ಷರದ ಕಷ್ಟ ಏನೆಂದು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಸ್ಕ್ಯಾನಿಂಗ್ ಟೆಂಡರು ಬರೆಯುವವರು ಇದನ್ನು ಗಮನಿಸಿದಂತೆ ಕಾಣುವುದಿಲ್ಲ. ನಮ್ಮ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ಮುಖ್ಯ ಅಕ್ಷರಕ್ಕಿಂತ ತೀರ ಚಿಕ್ಕದು. 12 ಪಾಯಿಂಟಿನ ಅಕ್ಷರವನ್ನು 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಚುಕ್ಕೆಯಂತೆ, ಸ್ಕ್ಯಾನ್ ಮಾಡಿದರೆ ಸಾಲಿನ ಎತ್ತರಕ್ಕೆ ಸುಮಾರು 50 ಪಿಕ್ಸೆಲ್ ಸಿಗುತ್ತವೆ. ಕಡತದ ಗಾತ್ರ ಉಳಿಸಲು ಅದನ್ನೇ 100 ಡಿಪಿಐಗೆ ಇಳಿಸಿದರೆ ಉಳಿಯುವುದು ಸುಮಾರು 17. ಆ 17ರಲ್ಲಿ ಒತ್ತಿನ ಪಾಲಿಗೆ ಐದಾರು ಚುಕ್ಕೆ ಬಂದರೆ ಹೆಚ್ಚು. ಅಷ್ಟರಲ್ಲಿ ಪ ಒತ್ತು ಯಾವುದು, ವ ಒತ್ತು ಯಾವುದು ಎಂದು ಮನುಷ್ಯರ ಕಣ್ಣಿಗೂ ತಿಳಿಯದು. ಪುಟ ವಾಲಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗಿ, ತಂತ್ರಾಂಶ ಎರಡು ಸಾಲನ್ನೂ ಕಲಸಿಬಿಡುತ್ತದೆ.

ಅರ್ಕಾವತ್ತಿನದು ಬೇರೆಯೇ ಕಥೆ. 'ಕರ್ನಾಟಕ' ಎನ್ನುವಾಗ ನಾವು ರ್ ಅನ್ನು 'ನಾ'ಗಿಂತ ಮೊದಲು ಉಚ್ಚರಿಸುತ್ತೇವೆ, ಬರೆಯುವಾಗ ಅದು 'ನಾ' ಆದ ಮೇಲೆ ಬರುತ್ತದೆ. ಅದರ ಆಕಾರ ಥೇಟ್ ಕನ್ನಡದ ಒಂಬತ್ತರಂತೆ. ಹಾಗಾಗಿ ಮಸುಕಾದ ಪುಟದಿಂದ ಹೊರಬರುವುದು 'ಕನಾ೯ಟಕ'. ಅಲ್ಲಿರುವುದು ನಿಜವಾಗಿಯೂ ಒಂಬತ್ತು ಎಂಬ ಅಂಕಿ. ಅನುಸ್ವಾರದ ಸೊನ್ನೆಗೂ ಅಂಕಿಯ ಸೊನ್ನೆಗೂ ಇದೇ ಗೊಂದಲ. 'ಬಂದ' ಎಂಬುದು 'ಬ೦ದ' ಆಗುತ್ತದೆ. ಓದುವ ಕಣ್ಣಿಗೆ ಎರಡೂ ಒಂದೇ, ಹುಡುಕುವ ಕಂಪ್ಯೂಟರಿಗೆ ಎರಡೂ ಬೇರೆ ಬೇರೆ ಪದ. ನಿಮ್ಮ ಜಾಲತಾಣದ ಹುಡುಕು ಪಟ್ಟಿಯಲ್ಲಿ ಜನ 'ಕರ್ನಾಟಕ' ಎಂದು ಸರಿಯಾಗಿ ಟೈಪ್ ಮಾಡಿದರೆ ಈ ಪುಟ ಎಂದಿಗೂ ಸಿಗುವುದಿಲ್ಲ. ಆ ಹುಡುಗಿಯ ತಂತ್ರಾಂಶವಂತೂ ಪದದ ನಡುವೆ ನಿಂತು "ಒಂಬತ್ತು" ಎಂದು ಓದುತ್ತದೆ.

ಆ 164 ಪುಟಗಳಿಗೆ ನನಗೆ 19 ಸಂಜೆ ಹಿಡಿದವು. ಓಸಿಆರ್ ಮಾಡಿದ ಪಠ್ಯವನ್ನು ಒಂದು ಕಡೆ, ಚಿತ್ರವನ್ನು ಇನ್ನೊಂದು ಕಡೆ ಇಟ್ಟುಕೊಂಡು ಕರಡು ತಿದ್ದಿದೆ. ತಿದ್ದುವುದಕ್ಕಿಂತ ಹೊಸದಾಗಿ ಟೈಪ್ ಮಾಡುವುದೇ ಲೇಸು ಎನಿಸಿದ ಪುಟಗಳು 31. ಅಷ್ಟರಲ್ಲಿ ಅವಳ ಒಂದು ಆಂತರಿಕ ಪರೀಕ್ಷೆ ಮುಗಿದು ಹೋಗಿತ್ತು.

ಇನ್ನೊಂದು ಪ್ರಸಂಗ. ನಮ್ಮ ಬೆಟಗೇರಿ ಕಡೆಯ ನೇಕಾರರ ಸಂಘದ ಹಿರಿಯರೊಬ್ಬರು ಸುತ್ತೋಲೆಯೊಂದನ್ನು ವಾಟ್ಸಾಪಿನಲ್ಲಿ ಕಳಿಸಿ, ಅದರ ಕೊನೆಯಲ್ಲಿದ್ದ ಕೋಷ್ಟಕವನ್ನು ಎಕ್ಸೆಲ್ಲಿಗೆ ಹಾಕಿಕೊಡಲು ಕೇಳಿದರು. ಅದರಲ್ಲಿ ತಮ್ಮ ಸದಸ್ಯರ ಹೆಸರು ಎಲ್ಲೆಲ್ಲಿದೆ ಎಂದು ಹುಡುಕಬೇಕಿತ್ತು. ಆ ಕೋಷ್ಟಕವೂ ಮೂಲದಲ್ಲಿ ಎಕ್ಸೆಲ್ಲೇ. ಗೆರೆಗಳನ್ನು ನೋಡಿದರೆ ಗೊತ್ತಾಗುತ್ತಿತ್ತು. ಪ್ರಿಂಟ್ ತೆಗೆದು, ಸಹಿ ಮಾಡಿ, ಮೊಹರು ಒತ್ತಿ, ಸ್ಕ್ಯಾನ್ ಮಾಡಿ ಏರಿಸಿದ್ದರು. ಮೊಹರು ಸರಿಯಾಗಿ ಮೂರು ಹೆಸರುಗಳ ಮೇಲೆ ಬಿದ್ದಿತ್ತು. ಪಠ್ಯ ತೆಗೆದಾಗ 'ವಿದ್ಯುತ್ ಮಗ್ಗ' ಎಂದು ಇದ್ದಲ್ಲೆಲ್ಲ 'ವಿದ್ಯುತ್ ಮಗ' ಎಂದು ಬಂತು. ಒತ್ತು ಬಿದ್ದು ಹೋಗಿತ್ತು. ಅದನ್ನು ತಿದ್ದುವುದು ಸುಲಭ, ಒಂದೇ ಸಲ ಎಲ್ಲವನ್ನೂ ಬದಲಿಸಬಹುದು. ಹೆದರಿಕೆಯಾದದ್ದು ಹೆಸರುಗಳ ಸಾಲಿನಲ್ಲಿ. 'ಬಸಪ್ಪ' ಎಂಬ ಹೆಸರು ಒಂದು ಕಡೆ ಒತ್ತು ಕಳೆದುಕೊಂಡು 'ಬಸಪ' ಆಗಿತ್ತು. ಇನ್ನೊಂದು ಕಡೆ ಪಕಾರದ ಒಳಗೆರೆಯೂ ಮಾಸಿ 'ಬಸವ' ಆಗಿತ್ತು. ಬಸವ ಎಂಬ ಹೆಸರಿನವರೂ ಊರಲ್ಲಿ ಇರುತ್ತಾರಲ್ಲ! ಸಹಾಯಧನದ ಪಟ್ಟಿಯಲ್ಲಿ ಹೀಗಾದರೆ ಒಬ್ಬರ ಹಕ್ಕು ಇನ್ನೊಬ್ಬರ ಹೆಸರಿಗೆ ಹೋಗುತ್ತದೆ. ಆ ಹಿರಿಯರು ಎರಡು ದಿನ ನನ್ನ ಅಂಗಡಿಯಲ್ಲೇ ಕುಳಿತು, ಒಂದೊಂದು ಹೆಸರಿಗೂ ಬೆರಳಿಟ್ಟು, ನಾನು ಓದಿದ್ದನ್ನು ತಾಳೆ ನೋಡಿದರು. ನಿಮ್ಮ ಕಚೇರಿಯ ಯಾರಾದರೂ ಮೂಲ ಕಡತವನ್ನೇ ಏರಿಸಿದ್ದರೆ ಅವರ ಎರಡು ದಿನದ ನೇಯ್ಗೆ ಉಳಿಯುತ್ತಿತ್ತು.

ಇದನ್ನೇ ಒಂದು ಕಚೇರಿಗೆ ಫೋನ್ ಮಾಡಿ ಕೇಳಿದಾಗ ಸಿಕ್ಕ ಉತ್ತರ: "ಟೆಕ್ಸ್ಟ್ ಕೊಟ್ಟರೆ ಯಾರಾದರೂ ತಿದ್ದಿಬಿಡುತ್ತಾರೆ ಮೇಡಂ, ಅದಕ್ಕೇ ಸ್ಕ್ಯಾನ್ ಹಾಕೋದು." ಅವರ ಆತಂಕ ಸಹಜವಾದದ್ದೇ. ಆದರೆ ಚಿತ್ರವನ್ನು ತಿದ್ದುವುದು ಇವತ್ತು ಫೋನಿನಲ್ಲೇ ಆಗುವ ಕೆಲಸ, ಮೊಹರನ್ನೂ ಸಹಿಯನ್ನೂ ಕತ್ತರಿಸಿ ಇನ್ನೊಂದು ಹಾಳೆಗೆ ಅಂಟಿಸಬಹುದು. ಡಿಜಿಟಲ್ ಸಹಿ ಹಾಕಿದ ಪಿಡಿಎಫ್‌ನಲ್ಲಿ ಒಂದು ಅಕ್ಷರ ಬದಲಾದರೂ ಪರಿಶೀಲನೆಯಲ್ಲಿ ಸಿಕ್ಕಿಬೀಳುತ್ತದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 5ನೇ ಕಲಮು ಅಂಥ ಸಹಿಗೆ ಕೈಸಹಿಯ ಮಾನ್ಯತೆ ಕೊಟ್ಟಿದೆ. ಕಾನೂನು ಬಂದು ಇಷ್ಟು ವರ್ಷವಾದರೂ ಪ್ರಿಂಟ್ ತೆಗೆದು ಸ್ಕ್ಯಾನ್ ಮಾಡುವ ರೂಢಿ ಮಾತ್ರ ನಿಂತಿಲ್ಲ.

ಸ್ಕ್ಯಾನ್ ಮಾಡದೆ ನೇರವಾಗಿ ಪಿಡಿಎಫ್ ಮಾಡಿದ ಕಡತಗಳಲ್ಲೂ ಒಂದು ತೊಡಕಿದೆ, ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ರೋಮನ್ ಅಕ್ಷರಗಳ ಸಂಕೇತದ ಮೇಲೆ ಕನ್ನಡದ ಆಕಾರ ಕೂರಿಸುವ ಹಳೆಯ ಎನ್ಕೋಡಿಂಗಿನ ಫಾಂಟುಗಳಲ್ಲಿ ಟೈಪ್ ಮಾಡಿದ ಕನ್ನಡ ಕಣ್ಣಿಗೆ ಕನ್ನಡವೇ. ಕಾಪಿ ಮಾಡಿ ಬೇರೆ ಕಡೆ ಹಾಕಿದರೆ ರೋಮನ್ ಅಕ್ಷರಗಳ ಕಲಸುಮೇಲೋಗರ. ಪ್ರತಿ ಅಕ್ಷರಕ್ಕೂ ಎಲ್ಲ ಕಡೆ ಒಂದೇ ಸಂಕೇತ ಕೊಡುವ ಜಾಗತಿಕ ವ್ಯವಸ್ಥೆಯಾದ ಯೂನಿಕೋಡ್‌ನ ಮೊದಲ ಆವೃತ್ತಿ ಬಂದದ್ದು 1991ರಲ್ಲಿ, ಅದರಲ್ಲೇ ಕನ್ನಡಕ್ಕೆ ಜಾಗವಿತ್ತು. ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಇನ್ನೂ ಹಳೆಯ ಎನ್ಕೋಡಿಂಗಿನಲ್ಲೇ ಕಡತ ಹೊರಡಿಸುವುದಕ್ಕೆ ರೂಢಿ ಬಿಟ್ಟು ಬೇರೆ ಕಾರಣ ನನಗೆ ಕಾಣುವುದಿಲ್ಲ.

ಹಳೆಯ ಪುಸ್ತಕಗಳ ವಿಷಯಕ್ಕೆ ಬಂದರೆ ನನ್ನ ಸಂಕಟ ಬೇರೆ ರೀತಿಯದು. ನಮ್ಮ ತಂದೆ ಒತ್ತಕ್ಷರಗಳ ಮೊಳೆಗಳನ್ನು ಪೆಟ್ಟಿಗೆಯ ಬೇರೆಯೇ ಮನೆಗಳಲ್ಲಿ ಇಟ್ಟುಕೊಳ್ಳುತ್ತಿದ್ದರು. ಸಂಜೆ ಮೊಳೆ ಬಿಚ್ಚಿ ವಾಪಸು ಹಾಕುವಾಗ ಅವುಗಳನ್ನು ಕೊನೆಗೆ, ದೀಪದ ಹತ್ತಿರ ಹಿಡಿದು ನೋಡಿ ಹಾಕುತ್ತಿದ್ದರು. ಸವೆದ ಒತ್ತು ಕಂಡರೆ ಪಕ್ಕಕ್ಕೆ ಎಸೆಯುತ್ತಿದ್ದರು. "ಒತ್ತು ಹೋದ್ರ ಮಾತ ಹೋತು" ಎನ್ನುತ್ತಿದ್ದರು. ಅಷ್ಟು ಜತನದಿಂದ ಅಚ್ಚಾದ ಪುಸ್ತಕಗಳು ಇಂದು ನಮಗೆ ಸಿಗುತ್ತಿರುವ ರೂಪ ನೋಡಿದರೆ ಕರುಳು ಚುರುಕ್ ಎನ್ನುತ್ತದೆ. ಹಳದಿ ಬಿದ್ದ ಕಾಗದವನ್ನು ಬರೀ ಕಪ್ಪು-ಬಿಳುಪಿನಲ್ಲಿ ಸ್ಕ್ಯಾನ್ ಮಾಡಿದಾಗ ತೆಳು ಗೆರೆಗಳು ಬಿಳಿಯಾಗಿ ಅಳಿಸಿಹೋಗುತ್ತವೆ, ಕಲೆಗಳು ಕಪ್ಪಾಗಿ ಅಕ್ಷರಕ್ಕೆ ಅಂಟಿಕೊಳ್ಳುತ್ತವೆ. ಅದರ ಮೇಲೆ ಪ್ರತಿ ಪುಟಕ್ಕೂ ಅಡ್ಡಲಾಗಿ ಸಂಸ್ಥೆಯ ಹೆಸರಿನ ನೀರಚ್ಚು (ವಾಟರ್‌ಮಾರ್ಕ್). ನಾನು ಒಂದು ಮರುಮುದ್ರಣಕ್ಕಾಗಿ ಕೆಲಸ ಮಾಡಿದ ಹಳೆಯ ಪುಸ್ತಕದಲ್ಲಿ ಪ್ರತಿ ಪುಟದ ನಡುವಿನ ನಾಲ್ಕು ಸಾಲು ಈ ನೀರಚ್ಚಿನ ಕೆಳಗಿದ್ದವು. ಕೊನೆಗೆ ಮೂಲ ಪ್ರತಿ ಹುಡುಕಿಕೊಂಡು ಧಾರವಾಡಕ್ಕೆ ಹೋಗಿ, ಆ ನಾಲ್ಕು ನಾಲ್ಕು ಸಾಲುಗಳನ್ನು ಕೈಯಲ್ಲಿ ಬರೆದುಕೊಂಡು ಬಂದೆ.

ಗಾತ್ರ ಕುಗ್ಗಿಸುವ ಆಸೆಯ ಬಗ್ಗೆಯೂ ಒಂದು ಎಚ್ಚರಿಕೆ. 2013ರಲ್ಲಿ ಜರ್ಮನಿಯ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಕ್ರೀಸೆಲ್ ಒಂದು ಸಂಗತಿ ಬಯಲಿಗೆ ತಂದರು. ಕೆಲವು ಸ್ಕ್ಯಾನರ್‌ಗಳು ಕಡತದ ಗಾತ್ರ ಇಳಿಸಲು, ಒಂದೇ ತರ ಕಾಣುವ ಚಿಕ್ಕ ಚಿಕ್ಕ ತುಣುಕುಗಳನ್ನು ಒಂದೇ ಎಂದು ತಿಳಿದು ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸುತ್ತಿದ್ದವು. ಹಾಗಾಗಿ ಕಟ್ಟಡದ ನಕ್ಷೆಯಲ್ಲಿನ ಅಳತೆಯ ಅಂಕಿಗಳೇ ಬದಲಾಗಿದ್ದವು. ಅದು ಓಸಿಆರ್ ತಪ್ಪಲ್ಲ, ಸ್ಕ್ಯಾನ್ ಮಾಡಿದ ಚಿತ್ರವೇ ತಪ್ಪು. ಪ, ವ, ಷ, ದ, ಧ, ಬ, ಭ, ರ, ಠ. ಇವು ಒಂದು ಸೀಳು, ಒಂದು ಗೆರೆಯ ವ್ಯತ್ಯಾಸದ ಅಕ್ಷರಗಳು. ಇಂಥ ಲಿಪಿಯ ದಾಖಲೆಗೆ ಆ ಬಗೆಯ ಸಂಕೋಚನ ಬಳಸುವುದು ಅಪಾಯ.

ನಮ್ಮಲ್ಲಿ ಕೆಲಸ ಮಾಡುವವರು ಇಲ್ಲವೆಂದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ 'ಲಿಪಿ ಜ್ಞಾನಿ' ಎಂಬ ಓಸಿಆರ್ ಅನ್ನು 1970ರಿಂದ 2002ರವರೆಗೆ ಪ್ರಕಟವಾದ 35ಕ್ಕೂ ಹೆಚ್ಚು ಪುಸ್ತಕಗಳ ಪುಟಗಳ ಮೇಲೆ ಪಳಗಿಸಿ, ಪರೀಕ್ಷಿಸಿದ್ದಾರೆ. ಅವುಗಳಲ್ಲಿ ಹಳಗನ್ನಡದ ಪುಸ್ತಕಗಳೂ, ಕನ್ನಡ ಲಿಪಿಯಲ್ಲಿ ಅಚ್ಚಾದ ಸಂಸ್ಕೃತ ಶ್ಲೋಕಗಳೂ ಇದ್ದವು. ಕನ್ನಡ ಲಿಪಿಯಲ್ಲಿ ಅಚ್ಚಾಗುವ ತುಳು, ಕೊಂಕಣಿಯನ್ನೂ ಓದುವಂತೆ ಮಾಡಿದ್ದಾರೆ. ಮುಕ್ತ ಪುಸ್ತಕಗಳ ಜಾಲತಾಣವಾದ ವಿಕಿಸೋರ್ಸ್‌ನಲ್ಲಿ ಸ್ವಯಂಸೇವಕರು ಪುಟದ ಚಿತ್ರವನ್ನು ಒಂದು ಕಡೆ, ಪಠ್ಯವನ್ನು ಇನ್ನೊಂದು ಕಡೆ ಇಟ್ಟುಕೊಂಡು ತಿದ್ದುತ್ತಾರೆ. ಒಬ್ಬರು ತಿದ್ದಿದ ಪುಟ ಹಳದಿ, ಇನ್ನೊಬ್ಬರು ನೋಡಿ ಒಪ್ಪಿದರೆ ಹಸಿರು. ಸಂಬಳವಿಲ್ಲದೆ ಮಾಡುವ ಈ ಜನರ ಶಿಸ್ತು ನಿಮ್ಮ ಟೆಂಡರುಗಳಲ್ಲೂ ಬರಲಿ ಎಂಬುದು ನನ್ನ ಆಸೆ.

ಈಗ ನನ್ನ ಬೇಡಿಕೆಗಳು.

ಮೊದಲನೆಯದು, ಖರ್ಚಿಲ್ಲದ್ದು. ಕಂಪ್ಯೂಟರಿನಲ್ಲಿ ಹುಟ್ಟಿದ ಯಾವ ಕಡತವನ್ನೂ ಸ್ಕ್ಯಾನ್ ಮಾಡಿ ಏರಿಸಬೇಡಿ. ಯೂನಿಕೋಡ್ ಕನ್ನಡದಲ್ಲಿ ಸಿದ್ಧಪಡಿಸಿ, ಡಿಜಿಟಲ್ ಸಹಿ ಹಾಕಿ, ಹಾಗೆಯೇ ಪ್ರಕಟಿಸಿ. ಕೋಷ್ಟಕಗಳಿದ್ದರೆ ಎಕ್ಸೆಲ್ ರೂಪದಲ್ಲೂ ಕೊಡಿ. ಮಾಹಿತಿ ಹಕ್ಕು ಕಾಯ್ದೆ 2005ರ ಪ್ರಕಾರ, ಕಂಪ್ಯೂಟರಿನಲ್ಲಿರುವ ಮಾಹಿತಿಯನ್ನು ವಿದ್ಯುನ್ಮಾನ ರೂಪದಲ್ಲಿ ಪಡೆಯುವುದೂ ನಾಗರಿಕರ ಹಕ್ಕು. ಹೀಗಿರುವಾಗ ಅದೇ ಮಾಹಿತಿಯನ್ನು ಚಿತ್ರ ಮಾಡಿ ಕೊಡುವುದು ಆ ಹಕ್ಕಿನ ಆಶಯಕ್ಕೆ ಒಪ್ಪುವುದಿಲ್ಲ.

ಕಾಗದದಲ್ಲಿ ಮಾತ್ರ ಇರುವುದನ್ನು ಸ್ಕ್ಯಾನ್ ಮಾಡಲೇಬೇಕು. ಆದರೆ ಕನಿಷ್ಠ 300 ಡಿಪಿಐ ಇರಲಿ, ಬಣ್ಣದಲ್ಲೋ ಬೂದು ಛಾಯೆಯಲ್ಲೋ ಇರಲಿ, ಪುಟ ನೇರವಾಗಿರಲಿ, ಅಂಚು ನೆರಳಿನಲ್ಲಿ ಮುಳುಗದಿರಲಿ. ನೀರಚ್ಚು ಬೇಕೇ ಬೇಕೆಂದರೆ ಅಂಚಿನಲ್ಲಿ ಹಾಕಿ, ಅಕ್ಷರದ ಮೇಲೆ ಬೇಡ. ಕುಗ್ಗಿಸದ ಮೂಲ ಚಿತ್ರಗಳನ್ನು ಕಾಪಾಡಿ. ಮುಂದೆ ಇನ್ನೂ ಉತ್ತಮ ಓಸಿಆರ್ ಬಂದಾಗ ಮತ್ತೆ ಪಠ್ಯ ತೆಗೆಯಲು ಅದೇ ಆಧಾರ. ಕಟ್ಟು ಸಡಿಲಿದ ಪುಸ್ತಕವನ್ನು ಪದೇ ಪದೇ ಬಿಚ್ಚಿ ಸ್ಕ್ಯಾನ್ ಮಾಡಲು ಆಗುವುದಿಲ್ಲ.

ಟೆಂಡರಿನಲ್ಲಿ ಪುಟ ಲೆಕ್ಕಕ್ಕೆ ದುಡ್ಡು ಕೊಡುವ ಪದ್ಧತಿ ಬದಲಾಗಬೇಕು. ಪುಟ ಎಣಿಸಿ ಕೊಟ್ಟರೆ ಗುತ್ತಿಗೆದಾರರು ಪುಟ ತಿರುವುವ ವೇಗ ನೋಡುತ್ತಾರೆ, ಅಕ್ಷರ ನೋಡುವುದಿಲ್ಲ. ಚಿತ್ರದ ಹಿಂದೆ ಹುಡುಕಲು ಬರುವ ಪಠ್ಯದ ಪದರ ಕಡ್ಡಾಯವಾಗಲಿ, ಅದರ ಕೆಲವು ಪುಟಗಳನ್ನು ಕನ್ನಡ ಬಲ್ಲವರು ಆರಿಸಿ ತಾಳೆ ನೋಡಿದ ಮೇಲೆಯೇ ಬಿಲ್ಲು ಪಾಸಾಗಲಿ. ಆ ತಾಳೆ ನೋಡುವ ಕೆಲಸಕ್ಕೆ ಜನ ಎಲ್ಲಿ ಎಂದು ಕೇಳಬೇಡಿ. ಡಿಟಿಪಿ ಅಂಗಡಿಗಳಲ್ಲಿ, ಹಳೆಯ ಅಚ್ಚುಕೂಟಗಳಲ್ಲಿ ಕರಡು ತಿದ್ದಿ ಪಳಗಿದವರು ಕೆಲಸ ಕಡಿಮೆಯಾಗಿ ಕೂತಿದ್ದಾರೆ. ಒತ್ತು ಎಲ್ಲಿ ಬೀಳುತ್ತದೆ, ಅರ್ಕಾವತ್ತು ಎಲ್ಲಿ ಒಂಬತ್ತಾಗುತ್ತದೆ ಎಂದು ಅವರಿಗೆ ಹೇಳಿಕೊಡಬೇಕಾಗಿಲ್ಲ.

ಜಮೀನು, ಜನನ-ಮರಣ, ಫಲಾನುಭವಿ ಪಟ್ಟಿ ಇಂಥವುಗಳಲ್ಲಿ ತೆಗೆದ ಪಠ್ಯವನ್ನು ಹುಡುಕಲು ಮಾತ್ರ ಬಳಸಿ. ಪಕ್ಕದಲ್ಲೇ ಚಿತ್ರ ಇರಲಿ, 'ಇದು ಯಂತ್ರ ಓದಿದ ಪಠ್ಯ, ತಿದ್ದಿಲ್ಲ' ಎಂಬ ಸೂಚನೆ ಇರಲಿ. ಬಸಪ್ಪನವರ ವಿಷಯ ಮೇಲೆ ಹೇಳಿದ್ದೇನೆ. ಜನರೇ ತಪ್ಪು ತೋರಿಸಲು ಒಂದು ದಾರಿ ಇಡಿ, ತೋರಿಸಿದ ತಪ್ಪನ್ನು ತಿದ್ದಿ. ಹಾಗೆ ತಿದ್ದಿದ ಪುಟಗಳಲ್ಲಿ ಖಾಸಗಿ ವಿವರವಿಲ್ಲದವನ್ನು, ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳ ಪುಟಗಳನ್ನು, ಚಿತ್ರ ಮತ್ತು ಪಠ್ಯ ಎರಡನ್ನೂ ಜೋಡಿಯಾಗಿ ಸಂಶೋಧಕರಿಗೆ ಮುಕ್ತವಾಗಿ ಬಿಡಿ. ಕನ್ನಡ ಓಸಿಆರ್ ಕಲಿಯುವುದು ಅಂಥ ಜೋಡಿಗಳಿಂದಲೇ.

ಕಣ್ಣು ಕಾಣದವರ ವಿಷಯವನ್ನು ಬೇಡಿಕೆ ಎಂದು ಬರೆಯಲು ಮನಸ್ಸು ಒಪ್ಪುತ್ತಿಲ್ಲ, ಏಕೆಂದರೆ ಅದು ಈಗಾಗಲೇ ಕಾನೂನು. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ 42ನೇ ಕಲಮು ವಿದ್ಯುನ್ಮಾನ ಮಾಧ್ಯಮದಲ್ಲಿರುವ ವಿಷಯ ಅವರಿಗೆ ಎಟಕುವ ರೂಪದಲ್ಲಿ ಇರುವಂತೆ ನೋಡಿಕೊಳ್ಳುವ ಹೊಣೆಯನ್ನು ಸರ್ಕಾರದ ಮೇಲೆ ಹಾಕಿದೆ. ಓದಲು ತೊಡಕಿರುವವರಿಗೆ ಪುಸ್ತಕಗಳನ್ನು ಅನುಕೂಲದ ರೂಪಕ್ಕೆ ತರಲು ದಾರಿ ಮಾಡಿದ 2013ರ ಮರಕೇಶ್ ಒಪ್ಪಂದವನ್ನು ಜಗತ್ತಿನಲ್ಲೇ ಮೊದಲು ಅನುಮೋದಿಸಿದ ದೇಶ ನಮ್ಮದು, 2014ರಲ್ಲಿ. ಆ ಹುಡುಗಿಗೆ ಇದೆಲ್ಲ ಬಾಯಿಪಾಠ. ನನಗೆ ಇದನ್ನು ಹೇಳಿಕೊಟ್ಟವಳೂ ಅವಳೇ.

ಪುಟಕ್ಕೆ 30 ರೂಪಾಯಿ ನನ್ನ ದರ. ನಿಮ್ಮ ಕಚೇರಿಗಳಿಂದ ಹೊರಟ ಕನ್ನಡವನ್ನು ಮತ್ತೆ ಕನ್ನಡ ಮಾಡಿಸಿಕೊಳ್ಳಲು ಜನ ನನಗೆ ಈ ದುಡ್ಡು ಕೊಡುತ್ತಾರೆ. ಲಗ್ನಪತ್ರಿಕೆ, ಅರ್ಜಿ, ಪುಸ್ತಕ, ಹೀಗೆ ನನಗೆ ಬೇರೆ ಕೆಲಸ ಬೇಕಾದಷ್ಟಿದೆ. ಈ ಒಂದು ಆದಾಯ ನಿಂತರೆ ಸಂತೋಷವೇ.

ಆ ಹುಡುಗಿಯ ಮುಂದಿನ ಸೆಮಿಸ್ಟರಿನ ಪಾಠ ಮೊನ್ನೆ ಬಂದಿದೆ. 212 ಪುಟ, ಮತ್ತೆ ಸ್ಕ್ಯಾನ್. ಪರೀಕ್ಷೆಗೆ ಹತ್ತು ವಾರ ಇದೆ. ನಾನು ಮೊದಲ ಅಧ್ಯಾಯ ತಿದ್ದಲು ಶುರು ಮಾಡಿದ್ದೇನೆ. ಇದನ್ನು ಟೈಪ್ ಮಾಡಿದವರ ಕಂಪ್ಯೂಟರಿನಲ್ಲಿ ಮೂಲ ಕಡತ ಇನ್ನೂ ಇರಲೇಬೇಕು. ದಯವಿಟ್ಟು ಅದನ್ನು ಹುಡುಕಿಸಿ, ಈ ತಿಂಗಳೊಳಗೆ ಜಾಲತಾಣಕ್ಕೆ ಹಾಕಿಸಿ.

ಇಂತಿ ತಮ್ಮ ವಿಶ್ವಾಸಿ,
ಗದಗದ ಒಬ್ಬ ಡಿಟಿಪಿ ಕೆಲಸಗಾರ್ತಿ